ಎಂಟನೇ ತರಗತಿಗೆ ಜೂನ್ ತಿಂಗಳು ಪೂರ್ತಿ ಕೊಡಬೇಕು: ಒಪ್ಪುತ್ತೀರಾ?

ಗಣಿತ ಮೇಷ್ಟ್ರು, ಕೊಪ್ಪಳ

ಹಳ್ಳಿಯ ಸರ್ಕಾರಿ ಹೈಸ್ಕೂಲುಗಳಲ್ಲಿ ಪಾಠ ಮಾಡುವವರು, ಅಲ್ಲಿಗೆ ಮಕ್ಕಳನ್ನು ಕಳಿಸುವವರು ದಯವಿಟ್ಟು ಹೇಳಿ. ಮೇ ಕೊನೆಗೆ ತೋರಣ ಕಟ್ಟಿ ಪ್ರಾರಂಭೋತ್ಸವ ಮಾಡುತ್ತೇವೆ. ಸುತ್ತಲಿನ ನಾಲ್ಕೈದು ಊರುಗಳಲ್ಲಿ ಏಳನೆಯದು ಮುಗಿಸಿದ ಮಕ್ಕಳು ಎಂಟನೆಯದಕ್ಕೆ ಬಂದು ಕೂರುತ್ತಾರೆ. ಪಕ್ಕದಲ್ಲಿ ಕೂತವನ ಹೆಸರೂ ಗೊತ್ತಿರುವುದಿಲ್ಲ. ವಿಷಯಕ್ಕೊಬ್ಬ ಮೇಷ್ಟ್ರು, ಬೆಲ್ ಹೊಡೆದಾಗೊಮ್ಮೆ ಮುಖ ಬದಲು. ಇವರಿಗಾಗಿಯೇ ಸೇತುಬಂಧ ಇದೆ: ಪೂರ್ವ ಪರೀಕ್ಷೆ ಮಾಡಿ, ಬಿಟ್ಟುಹೋದದ್ದನ್ನು ಕಲಿಸಿ, ಸಾಫಲ್ಯ ಪರೀಕ್ಷೆ ಮಾಡಿ, ಆಮೇಲೆ ಪುಸ್ತಕ ತೆಗೆಯಬೇಕು. ಆದರೆ ನಾನು ಕಂಡಂತೆ ಹೆಚ್ಚಿನ ಕಡೆ ಎರಡು ಪರೀಕ್ಷೆ ಆಗುತ್ತವೆ, ಅಂಕ ತುಂಬಿಸುತ್ತೇವೆ, ಮಧ್ಯದ ಕಲಿಸುವ ಕೆಲಸ ಮಾತ್ರ ಜಾರಿಹೋಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. 612ನ್ನು 6ರಿಂದ ಭಾಗಿಸು ಅಂದರೆ ಪ್ರತಿ ವರ್ಷ ಹಲವು ಮಕ್ಕಳು 12 ಅಂತ ಬರೆಯುತ್ತಾರೆ. ಆರೊಂದ್ಲೆ ಆರು, ಒಂದು ಬರೆದರು. ಮುಂದಿನ 1 ಸಾಲದು, 2ನ್ನೂ ಇಳಿಸಿಕೊಂಡರು, ಆರೆರಡ್ಲೆ ಹನ್ನೆರಡು, ಎರಡು ಬರೆದರು. ನಡುವಿನ ಸೊನ್ನೆ ಬರೆಯಲೇ ಇಲ್ಲ. ನೋಡಿ, ಮಗ್ಗಿ ಸರಿಯಾಗಿಯೇ ಬರುತ್ತದೆ! ಸ್ಥಾನಬೆಲೆ ಗೊತ್ತಿಲ್ಲ. ಈ ಮಗುವಿಗೆ ಮತ್ತೆ ಮಗ್ಗಿ ಬಾಯಿಪಾಠ ಹಾಕಿದರೆ ಏನೂ ಉಪಯೋಗವಿಲ್ಲ. "600 ರೂಪಾಯಿ ಆರು ಜನಕ್ಕೆ ಹಂಚು, ಆಮೇಲೆ ಉಳಿದ 12 ಹಂಚು, ತಲಾ ಎಷ್ಟಾಯಿತು?" ಅಂತ ಕೇಳಿದರೆ ಅದೇ ಮಗು 102 ಅಂತ ಬಾಯಲ್ಲೇ ಹೇಳುತ್ತದೆ. ಇದಕ್ಕೆ ಪಕ್ಕದಲ್ಲಿ ಕೂತು ಮಾತಾಡಿಸುವ ಸಮಯ ಬೇಕು. ಪ್ರಶ್ನೆಪತ್ರಿಕೆ ತಿದ್ದಿದರೆ ಕಾಣುವುದು 'ತಪ್ಪು' ಅನ್ನುವ ಗೀಟು ಮಾತ್ರ.

ನನ್ನ ಮಾತು ಇಷ್ಟೇ: ಜೂನ್‌ನಲ್ಲಿ ಎಂಟನೆಯದಕ್ಕೆ ಪಠ್ಯಪುಸ್ತಕ ಬೇಡ. ಬೆಳಗಿನ ಎರಡು ಪಿರಿಯಡ್ ಎಲ್ಲ ಶಿಕ್ಷಕರೂ ಸೇರಿ ಓದು, ಬರಹ, ಲೆಕ್ಕ ಅಂತ ಗುಂಪು ಮಾಡಿ ಕಲಿಸಬೇಕು. ಹತ್ತನೆಯವರ ವಿಶೇಷ ತರಗತಿ ಜುಲೈಗೆ ಶುರುವಾದರೆ ಸಾಕು.

ವಿಜ್ಞಾನ ಮೇಡಂ, ಹಾಸನ

ಸರ್, ಕಾಳಜಿ ಅರ್ಥವಾಗುತ್ತೆ, ಆದರೆ ಒಪ್ಪೋಕಾಗಲ್ಲ. ನಮ್ಮಲ್ಲಿ ಎಂಟು, ಒಂಬತ್ತು, ಹತ್ತು ಮೂರಕ್ಕೂ ವಿಜ್ಞಾನಕ್ಕೆ ನಾನೊಬ್ಬಳೇ. ಶಾಲೆಯನ್ನ ಅಳೆಯೋದು ಎಸ್ಸೆಸ್ಸೆಲ್ಸಿ ಫಲಿತಾಂಶದಿಂದ, ಎಂಟನೆಯವರ ಭಾಗಾಕಾರದಿಂದ ಅಲ್ಲ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂದಿದ್ದೇ ತಡ ಶೇ. 73.40ಕ್ಕೆ ಇಳೀತು, ಅದೂ ಕೃಪಾಂಕ ಹೆಚ್ಚಿಗೆ ಕೊಟ್ಟ ಮೇಲೆ. ಆ ವರ್ಷದಿಂದ ಹೆಚ್‌ಎಂಗಳ ಮೇಲೆ ಎಷ್ಟು ಒತ್ತಡ ಇದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು. ವರ್ಷದಲ್ಲಿ ಗಲಾಟೆ ಇಲ್ಲದ ತಿಂಗಳು ಅಂತ ಇರೋದೇ ಜೂನ್. ಜುಲೈ ಕೊನೆಗೆ ವರ್ಷದ ಮೊದಲ ಕಿರುಪರೀಕ್ಷೆ ಎಫ್‌ಎ-1, ಆಮೇಲೆ ವಲಯ ಕ್ರೀಡಾಕೂಟ, ಪ್ರತಿಭಾ ಕಾರಂಜಿ, ತರಬೇತಿ, ದಸರಾ ರಜೆ. ಜೂನ್‌ನಲ್ಲಿ ಹತ್ತನೆಯವರಿಗೆ ಎರಡು ಅಧ್ಯಾಯ ಮುಗಿಸದಿದ್ದರೆ ಡಿಸೆಂಬರ್‌ಗೆ ಸಿಲಬಸ್ ಮುಗಿಯಲ್ಲ, ಪುನರಾವರ್ತನೆಗೆ ಟೈಮೇ ಇರಲ್ಲ.

ಗಣಿತ ಮೇಷ್ಟ್ರು, ಕೊಪ್ಪಳ

ಮೇಡಂ, ಹತ್ತನೆಯದರಲ್ಲಿ ಬೆಳಗ್ಗೆ ಎಂಟಕ್ಕೆ ಕರೆಸಿ, ಸಂಜೆ ಕೂರಿಸಿ, ಒಬ್ಬೊಬ್ಬ ಮಗುವನ್ನು ಒಬ್ಬೊಬ್ಬ ಶಿಕ್ಷಕರು ದತ್ತು ತೆಗೆದುಕೊಂಡು ಪಾಸಾಗಲು ಬೇಕಾದಷ್ಟು ಪ್ರಶ್ನೆಗಳ 'ಪಾಸಿಂಗ್ ಪ್ಯಾಕೇಜ್' ಓದಿಸುತ್ತೇವಲ್ಲ, ಅವರು ಯಾರು? ಎರಡು ವರ್ಷ ಹಿಂದೆ ನಮ್ಮದೇ ಎಂಟನೆಯದರಲ್ಲಿ 612ಕ್ಕೆ 12 ಬರೆದವರು. ಆಗ ಒಂದು ತಿಂಗಳು ಕೊಡಲಿಲ್ಲ, ಈಗ ಒಂದು ವರ್ಷ ಕೊಡುತ್ತಿದ್ದೇವೆ. ಫಲಿತಾಂಶವೇ ಮುಖ್ಯ ಅಂದರೂ ನನ್ನ ಲೆಕ್ಕವೇ ಸರಿ.

ಪ್ರಾಥಮಿಕ ಶಾಲೆ ಟೀಚರ್, ತುಮಕೂರು

ಪ್ರತಿ ಜೂನ್‌ನಲ್ಲೂ ಇದೇ ಮಾತು ಕೇಳಿ ಕೇಳಿ ಬೇಸರವಾಗಿದೆ. ಹೈಸ್ಕೂಲಿನವರು ಮಗುವನ್ನ ನೋಡಿ ಮೊದಲು ಹೇಳೋದು "ಪ್ರೈಮರಿಯಲ್ಲಿ ಏನು ಕಲಿಸಿದ್ರೋ" ಅಂತ. ಒಂದರಿಂದ ಮೂರರವರೆಗೆ ನಲಿ-ಕಲಿಯಲ್ಲಿ ಒಟ್ಟಿಗೆ ಕೂರಿಸಿ, ನಾಲ್ಕು ಐದನ್ನೂ ಒಬ್ಬರೇ ನೋಡಿಕೊಂಡು, ಬಿಸಿಯೂಟದ ಲೆಕ್ಕ ಬರೆದು, ಸಮೀಕ್ಷೆಗೆ ಅಂತ ಊರೂರು ತಿರುಗಿ, ಅದರ ನಡುವೆಯೂ ಕಲಿಸಿದೀವಿ.

ನನ್ನ ದೂರು ಬೇರೆ ಇದೆ. ಎಂಟನೆಯದಕ್ಕೆ ಹೋಗೋ ಪ್ರತಿ ಮಗುವಿನ ಬಗ್ಗೆ ಏಳನೆಯ ಟೀಚರ್‌ಗೆ ಎಷ್ಟೋ ಗೊತ್ತಿರುತ್ತೆ. ಟಿಸಿ ಕೊಡ್ತೀವಿ, ಮಕ್ಕಳ ದಾಖಲೆ ಇಡೋ ಆನ್‌ಲೈನ್ ವ್ಯವಸ್ಥೆ ಎಸ್‌ಎಟಿಎಸ್‌ನಲ್ಲಿ ಹೆಸರು ವರ್ಗಾವಣೆ ಮಾಡ್ತೀವಿ, ಶ್ರೇಣಿ ಹೋಗುತ್ತೆ. ಆದರೆ "ಈ ಹುಡುಗ ಜೋರಾಗಿ ಓದು ಅಂದ್ರೆ ತೊದಲ್ತಾನೆ, ಮನಸ್ಸಲ್ಲಿ ಓದಿದ್ರೆ ಎಲ್ಲ ಅರ್ಥ ಮಾಡ್ಕೋತಾನೆ" ಅನ್ನೋದು ಯಾವ ಕಾಲಂನಲ್ಲಿ ಹೋಗುತ್ತೆ? "ಈ ಹುಡುಗಿ ಹೊಸಬರ ಎದುರು ಪೆನ್ನೇ ಎತ್ತಲ್ಲ" ಅನ್ನೋದು? ಅವಳು ನಿಮ್ಮ ಪೂರ್ವ ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಡ್ತಾಳೆ, ನೀವು ಸೊನ್ನೆ ಹಾಕಿ ಕೆಳಗಿನ ಗುಂಪಿಗೆ ತಳ್ತೀರಿ. ನಮ್ಮ ಶಾಲೆ ನಿಮ್ಮ ಹೈಸ್ಕೂಲಿಂದ ಎರಡು ಮೂರು ಕಿಲೋಮೀಟರ್ ಇರುತ್ತೆ ಅಷ್ಟೇ. ಒಂದು ಫೋನ್ ಮಾಡಿ ಕೇಳಬಾರದಾ?

ಗಣಿತ ಮೇಷ್ಟ್ರು, ಕೊಪ್ಪಳ

ಟೀಚರ್, ನಾನು ಪ್ರಾಥಮಿಕದವರನ್ನು ದೂರಿಲ್ಲ. ನೀವು ಹೇಳಿದ್ದು ಪೂರ್ವ ಪರೀಕ್ಷೆಗಿಂತ ದೊಡ್ಡ ಮಾಹಿತಿ. ಏಳನೆಯದರ ಶಿಕ್ಷಕರು, ಎಂಟನೆಯದರ ಶಿಕ್ಷಕರು ಅರ್ಧ ದಿನ ಕೂತು ಮಾತಾಡುವ ಏರ್ಪಾಡು ಸುತ್ತಲಿನ ಶಾಲೆಗಳ ಕ್ಲಸ್ಟರ್ ಮಟ್ಟದಲ್ಲೇ ಆಗಬಹುದು.

ಎಸ್‌ಡಿಎಂಸಿ ಸದಸ್ಯ, ಯಾದಗಿರಿ ಕಡೆಯವ

ಸಾಲಿ ನೋಡಿಕೊಳ್ಳೋ ಎಸ್‌ಡಿಎಂಸಿ ಸಮಿತಿಯವನಾಗಿ ಹೇಳತೀನ್ರಿ. ಸರ್, ನೀವು ಎಲ್ಲಾರೂ ಜೂನ್ ತಿಂಗಳದಾಗ ಹುಡುಗೂರು ಸಾಲ್ಯಾಗ ಅದಾರ ಅಂತ ಹಿಡಕೊಂಡು ಮಾತಾಡಾಕತ್ತೀರಿ. ನಮ್ಮ ಕಡಿ ಬಂದು ನೋಡ್ರಿ. ಅಪ್ಪ ಅವ್ವ ಬೆಂಗಳೂರಿಗೆ ಕಟ್ಟಡ ಕೆಲಸಕ್ಕ ಹೋಗ್ಯಾರ, ಮಕ್ಕಳೂ ಬೇಸಿಗಿ ಸೂಟ್ಯಾಗ ಅಲ್ಲೇ ಹೋಗ್ಯಾವ. ಸಾಲಿ ಚಾಲೂ ಆಗೋದಕ್ಕ ಅವ್ರು ವಾಪಸ್ ಬಂದಿರಲ್ಲ. ಮಳಿ ಬಿತ್ತು ಅಂದ್ರ ಬಿತ್ತಾಕ ಬರ್ತಾರ, ಆವಾಗ ಹುಡುಗೂರು ಹೊಲಕ್ಕ. ಹೆಸರುಕಾಯಿ ಬಿಡಿಸಾಕ, ಕಳಿ ತೆಗಿಯಾಕ ಹೆಣ್ಮಕ್ಕಳೇ ಮೊದಲು. ಹಾಜರಿ ಪುಸ್ತಕದಾಗ ಹೆಸರು ಇರತಾವ, ಬೆಂಚಿನ ಮ್ಯಾಲ ಹುಡುಗೂರು ಇರಂಗಿಲ್ಲ. ನೀವು ಜೂನ್‌ದಾಗ ಎಲ್ಲಾ ತಳಪಾಯ ಹಾಕಿ ಮುಗಿಸಿದ್ರ, ಜುಲೈದಾಗ ಬಂದ ಹುಡುಗನ ಗತಿ ಏನ್ರಿ? ಅವನಿಗೇ ಅಲ್ಲೇನು ಅದು ಬೇಕಾಗಿದ್ದು?

ಇನ್ನ ಹಾದಿ ಮಾತು. ನಮ್ಮೂರಾಗ ಏಳನೆತ್ತಿತನ ಅದ. ಎಂಟನೆತ್ತಿಗೆ ಪಕ್ಕದ ಊರಿಗೆ ಹೋಗಬೇಕು. 2006-07ರಾಗ ಸರ್ಕಾರ ಎಂಟನೆತ್ತಿ ಮಕ್ಕಳಿಗೆ ಸೈಕಲ್ ಕೊಡಾಕ ಚಾಲೂ ಮಾಡ್ತು. ಹಿಂದ ಹೆಣ್ಮಕ್ಕಳು ಹತ್ತು ಹನ್ನೆರಡು ಮಂದಿ ಕೂಡಿ ಸೈಕಲ್ ಮ್ಯಾಲ ಹೋಗತಿದ್ರು, ಗುಂಪು ಇತ್ತು ಅಂತ ಮನ್ಯಾಗ ಯಾರಿಗೂ ಅಂಜಿಕಿ ಇರಲಿಲ್ಲ. ಕೋವಿಡ್ ಬಂದಾಗ ಅದು ನಿಂತುಬಿಡ್ತು. 2023ರಾಗ ಶಕ್ತಿ ಯೋಜನಾ ಬಂದ ಮ್ಯಾಲ ಹೆಣ್ಮಕ್ಕಳಿಗಿ ಬಸ್ ಫ್ರೀ ಆತು, ಅದು ಬಾಳ ಚಲೋ ಆತು. ಆದ್ರ ಸಾಲಿ ಟೈಮಿಗೆ ಬಸ್ಸೇ ಇಲ್ಲಂದ್ರ ಫ್ರೀ ಇದ್ದು ಏನ್ ಮಾಡೋದ್ರಿ? ಮೇಷ್ಟ್ರು ಮುಂಜಾನಿ ಎಂಟಕ್ಕ ವಿಶೇಷ ತರಗತಿ ಅಂತಾರ. ಎಂಟಕ್ಕ ಬರಬೇಕಂದ್ರ ನಮ್ಮ ಹುಡುಗಿ ಆರೂವರಿಗೆ ನಡದು ಹೊಂಡಬೇಕು. ಹೊಸ ವರ್ಷ ಚಾಲೂ ಮಾಡೋದಂದ್ರ ಮೊದಲು ಡಿಪೋಕ್ಕ ಹೋಗಿ ಬಸ್ಸಿನ ಟೈಮ್ ಕೇಳ್ರಿ ಅಂತೀನಿ ನಾ.

ವಿಜ್ಞಾನ ಮೇಡಂ, ಹಾಸನ

ಅಣ್ಣಾ, ನೀವು ಹೇಳಿದ್ದು ನಿಜ. ನಮ್ಮ ಕಡೆ ಗುಳೆ ಅಷ್ಟಾಗಿ ಇಲ್ಲ, ಬಸ್ಸಿನ ಕಷ್ಟ ಇಲ್ಲೂ ಇದೆ. ಜೂನ್ ಮೊದಲ ವಾರದಲ್ಲೇ ಹೆಚ್‌ಎಂ ಮತ್ತು ಎಸ್‌ಡಿಎಂಸಿ ಅಧ್ಯಕ್ಷರು ಸಹಿ ಮಾಡಿ ಡಿಪೋ ಮ್ಯಾನೇಜರ್‌ಗೆ ಮನವಿ ಕೊಟ್ಟರೆ ಎಷ್ಟೋ ಸಲ ಕೆಲಸ ಆಗುತ್ತೆ. ಯಾವ ಊರಿಂದ ಎಷ್ಟು ಮಕ್ಕಳು, ಬೆಲ್ ಎಷ್ಟು ಗಂಟೆಗೆ ಅಂತ ಪಟ್ಟಿ ಲಗತ್ತಿಸಿ.

ಅತಿಥಿ ಶಿಕ್ಷಕಿ, ಇಂಗ್ಲಿಷ್

ಎಲ್ಲ ಶಿಕ್ಷಕರೂ ಸೇರಿ ಗುಂಪು ಮಾಡಬೇಕು ಅಂದಿರಿ. ಎಲ್ಲ ಶಿಕ್ಷಕರು ಜೂನ್‌ನಲ್ಲಿ ಎಲ್ಲಿರುತ್ತಾರೆ? ಹುದ್ದೆ ಖಾಲಿ ಇರುವ ಕಡೆ ನಮ್ಮನ್ನು ತೆಗೆದುಕೊಳ್ಳುವ ಆದೇಶ ಬಂದು, ಅರ್ಜಿ ಕರೆದು, ಮೆರಿಟ್ ಪಟ್ಟಿ ಆಗುವ ಹೊತ್ತಿಗೆ ಶಾಲೆ ತೆರೆದು ವಾರಗಳೇ ಕಳೆದಿರುತ್ತವೆ. ಅಲ್ಲಿಯವರೆಗೆ ಇಂಗ್ಲಿಷ್ ಪಿರಿಯಡ್ಡಿನಲ್ಲಿ ಮಕ್ಕಳು ಮೈದಾನದಲ್ಲಿರುತ್ತಾರೆ, ಇಲ್ಲವೇ ದೈಹಿಕ ಶಿಕ್ಷಕರು ಬಂದು ಕಾಪಿ ಬರೆಸುತ್ತಾರೆ. ನಾನು ತರಗತಿಗೆ ಕಾಲಿಡುವಾಗ ಸೇತುಬಂಧದ ಅಂಕ ಆಗಲೇ ತುಂಬಿರುತ್ತದೆ, ಇಂಗ್ಲಿಷ್‌ನದ್ದೂ ಸೇರಿ! ಯಾರು ಪರೀಕ್ಷೆ ಮಾಡಿದರು ಅಂತ ಕೇಳಿದರೆ ಉತ್ತರವಿಲ್ಲ.

2025ರಲ್ಲಿ ಪ್ರೌಢಶಾಲೆ ಅತಿಥಿ ಶಿಕ್ಷಕರ ಗೌರವಧನ 12,500 ರೂಪಾಯಿ ಆಯಿತು, ಸಂತೋಷ. ಆದರೆ ಅದಕ್ಕಿಂತ ಮೊದಲು ನನಗೆ ಬೇಕಾದದ್ದು ಮೇ ತಿಂಗಳಲ್ಲೇ ನೇಮಕ. ಮೊದಲ ದಿನ ಮಗುವಿನ ಜೊತೆ ನಾನೂ ಶಾಲೆಯಲ್ಲಿರಬೇಕು. ಎಬಿಸಿಡಿಯ ಸಣ್ಣಕ್ಷರದಲ್ಲಿ ಬಿ, ಡಿ ಗುರುತಿಸಲು ತಡವರಿಸುವ ಮಕ್ಕಳು ಎಂಟನೆಯದರಲ್ಲಿ ಇದ್ದಾರೆ, ಅವರನ್ನು ಜೂನ್‌ನಲ್ಲಿ ಹಿಡಿಯದಿದ್ದರೆ ಆಮೇಲೆ ಅವರೇ ಅಡಗುವುದನ್ನು ಕಲಿತುಬಿಡುತ್ತಾರೆ. ಪಕ್ಕದವರ ನೋಟ್ಸ್ ಚೆನ್ನಾಗಿ ನಕಲು ಮಾಡಿ ಅಚ್ಚುಕಟ್ಟಾದ ಪುಸ್ತಕ ತೋರಿಸುತ್ತಾರೆ.

ನಿವೃತ್ತ ಹೆಚ್‌ಎಂ

ಮೇಷ್ಟ್ರ ಪ್ರಸ್ತಾಪದಲ್ಲಿ ನನಗೆ ಭಯ ಹುಟ್ಟಿಸುವುದು 'ಗುಂಪು' ಅನ್ನುವ ಮಾತು. ಹದಿಮೂರು ವರ್ಷದ ಮಗು ಹೊಸ ಶಾಲೆಗೆ ಬಂದ ಮೊದಲ ವಾರವೇ ಎಲ್ಲರೆದುರು ಎದ್ದು ಬೇರೆ ಕೊಠಡಿಗೆ ಹೋಗಬೇಕು. ಬೇರೆ ಊರಿನ ಹುಡುಗರು ನೋಡುತ್ತಿರುತ್ತಾರೆ. ಆ ಕೊಠಡಿಗೆ ಒಂದು ಹೆಸರು ಬೀಳುತ್ತದೆ, ಅದು ಹತ್ತನೆಯವರೆಗೂ ಹೋಗುವುದಿಲ್ಲ. ಹಾಗೆ ಹೆಸರು ಬಿದ್ದ ಮಕ್ಕಳು ಆಗಸ್ಟ್ ಹೊತ್ತಿಗೆ ಬರುವುದನ್ನೇ ನಿಲ್ಲಿಸಿದ್ದನ್ನು ಕಂಡಿದ್ದೇನೆ.

ಎರಡನೆಯದು, ಕೋವಿಡ್ ನಂತರ 2022-23ನ್ನು 'ಕಲಿಕಾ ಚೇತರಿಕೆ' ವರ್ಷ ಅಂತಲೇ ಮಾಡಿದರು. ಕಲ್ಪನೆ ಒಳ್ಳೆಯದು, ಕಲಿಕಾ ಹಾಳೆಗಳೂ ಚೆನ್ನಾಗಿದ್ದವು. ಆದರೆ ಹಾಳೆ ತುಂಬಿದೆಯೇ ಅಂತ ನೋಡುವವರು ಬಂದರೇ ಹೊರತು ಮಗು ಓದುತ್ತದೆಯೇ ಅಂತ ಕೇಳುವವರು ಕಡಿಮೆ. ಸೇತುಬಂಧಕ್ಕೂ ಅದೇ ರೋಗ. ಅದಕ್ಕೆ ಇನ್ನೊಂದು ತಿಂಗಳು ಕೊಟ್ಟರೆ ಇನ್ನೊಂದಿಷ್ಟು ಹಾಳೆ ತುಂಬುತ್ತದೆ.

ಸಮಸ್ಯೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ದೇಶದ ಗ್ರಾಮೀಣ ಭಾಗದ 14ರಿಂದ 18 ವರ್ಷದವರ ಬಗ್ಗೆ ಮಕ್ಕಳ ಕಲಿಕೆಯ ಸಮೀಕ್ಷೆ ಅಸರ್ 2023ರ ವರದಿ ಬಂತಲ್ಲ. ನಾಲ್ವರಲ್ಲಿ ಒಬ್ಬರಿಗೆ ತಮ್ಮದೇ ಭಾಷೆಯ ಎರಡನೇ ತರಗತಿ ಪಾಠ ಸರಾಗವಾಗಿ ಓದಲು ಬರುವುದಿಲ್ಲ. ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ. 43.3 ಮಾತ್ರ. ಮೇಷ್ಟ್ರು ಹೇಳಿದ 612ರ ಲೆಕ್ಕ ಅದೇ ಮಟ್ಟದ್ದು. ಇಷ್ಟು ದೊಡ್ಡ ಕೊರತೆ ಒಂದು ಜೂನ್‌ನಲ್ಲಿ ಹೋಗುವುದಿಲ್ಲ. ದಿನಕ್ಕೊಂದು ಪಿರಿಯಡ್, ವರ್ಷ ಪೂರ್ತಿ, ವೇಳಾಪಟ್ಟಿಯಲ್ಲೇ ಬರೆದು ಗೋಡೆಗೆ ಅಂಟಿಸಬೇಕು. ಯಾದಗಿರಿಯವರು ಕೇಳಿದ ಜುಲೈ ಹುಡುಗನಿಗೂ ಅದರಲ್ಲಿ ಜಾಗ ಇರುತ್ತದೆ.

ವಿಜ್ಞಾನ ಮೇಡಂ, ಹಾಸನ

ಸರ್ ಹೇಳಿದ ದಿನಕ್ಕೊಂದು ಪಿರಿಯಡ್ ನನಗೆ ಸರಿ ಅನ್ನಿಸುತ್ತೆ. ಓದು ಕಲಿಸೋದು ಬರೀ ಕನ್ನಡ ಮೇಷ್ಟ್ರ ಕೆಲಸ ಅಂತ ಬಿಡೋದೂ ಬೇಡ. ನಮ್ಮ ವಿಜ್ಞಾನದ ಪುಸ್ತಕ ತೆಗೆದರೆ ಸೂಕ್ಷ್ಮಜೀವಿ, ದಹನಕ್ರಿಯೆ, ಘರ್ಷಣೆ, ಬರೀ ಒತ್ತಕ್ಷರ. "ಮರ, ಮನೆ, ಬಸವ" ಸರಾಗವಾಗಿ ಓದೋ ಮಗು "ಸೂಕ್ಷ್ಮ" ಬಂದ ಕೂಡಲೇ ನಿಲ್ಲುತ್ತೆ. ಕ್ಷ-ಕ್ಕೆ ಮ ಒತ್ತು, ಒಂದೇ ಅಕ್ಷರದಲ್ಲಿ ಮೂರು ವ್ಯಂಜನ. ಪಾಠಕ್ಕೆ ಮುಂಚೆ ಆ ದಿನದ ಐದಾರು ಪದ ಬೋರ್ಡ್ ಮೇಲೆ ಬರೆದು, ಬಿಡಿಸಿ, ಎಲ್ಲರ ಕೈಲೂ ಒಟ್ಟಿಗೆ ಓದಿಸಿದರೆ ಯಾರಿಗೂ ಅವಮಾನ ಆಗಲ್ಲ, ಸಿಲಬಸ್ಸೂ ನಿಲ್ಲಲ್ಲ. ಇದನ್ನ ನಾನು ಈ ವರ್ಷ ಮೂರೂ ತರಗತಿಗೆ ಮಾಡ್ತೀನಿ.

ಆದರೆ ಹತ್ತನೆಯವರ ವಿಶೇಷ ತರಗತಿ ಜೂನ್‌ನಲ್ಲೇ ಇರುತ್ತೆ. ಬಸ್ಸಿನವರಿಗಾಗಿ ಬೆಳಗ್ಗೆ ಬಿಟ್ಟು ಸಂಜೆ ಇಟ್ಟುಕೊಳ್ತೀನಿ, ಜುಲೈಗೆ ಮುಂದೂಡಲ್ಲ. ಈ ಸಲ ಪರೀಕ್ಷೆಗೆ ಕೂರೋ ಮಕ್ಕಳಿಗೆ ನಾಳಿನ ಎಂಟನೆಯವರ ನ್ಯಾಯ ಹೇಳೋಕಾಗಲ್ಲ.

ಗಣಿತ ಮೇಷ್ಟ್ರು, ಕೊಪ್ಪಳ

ಹೆಚ್‌ಎಂ ಸರ್, ಬೇರೆ ಕೊಠಡಿಯ ವಿಚಾರದಲ್ಲಿ ನಿಮ್ಮ ಮಾತಿಗೆ ನನ್ನ ಬಳಿ ಎದುರು ಮಾತಿಲ್ಲ. ಒಂದೇ ಕೊಠಡಿಯಲ್ಲಿ ನಾಲ್ಕು ನಾಲ್ಕು ಮಕ್ಕಳನ್ನು ಬೆರೆಸಿ ಕೂರಿಸಿ, ವಾರಕ್ಕೊಮ್ಮೆ ಜಾಗ ಬದಲಿಸಬಹುದು. ಆದರೆ ಜೂನ್‌ನಲ್ಲಿ ಪುಸ್ತಕ ಬೇಡ ಅನ್ನುವುದನ್ನು ನಾನು ಬಿಡುವುದಿಲ್ಲ. ಪುಸ್ತಕ ತೆರೆದ ದಿನದಿಂದ ಅಧ್ಯಾಯ ಮುಗಿಸುವ ಓಟ ಶುರುವಾಗುತ್ತದೆ, ಆಮೇಲೆ ಆ 'ದಿನಕ್ಕೊಂದು ಪಿರಿಯಡ್' ಮೊದಲು ಬಲಿಯಾಗುತ್ತದೆ. ಒಂದು ತಿಂಗಳು ಗಟ್ಟಿಯಾಗಿ ಮಾಡಿ, ಆಮೇಲೆ ದಿನಕ್ಕೊಂದು ಪಿರಿಯಡ್ ಮುಂದುವರಿಸೋಣ. ಎರಡೂ ಬೇಕು.

ಯಾದಗಿರಿಯ ಅಣ್ಣನವರಿಗೆ: ಹುಡುಗ ಯಾವತ್ತು ಬಂದರೂ ಅವತ್ತೇ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟ ಓದಿಸಿ, ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಒಂದೊಂದು ಲೆಕ್ಕ ಬಾಯಲ್ಲಿ ಕೇಳಬೇಕು. ಹತ್ತು ನಿಮಿಷದ ಕೆಲಸ.

ಎಸ್‌ಡಿಎಂಸಿ ಸದಸ್ಯ, ಯಾದಗಿರಿ ಕಡೆಯವ

ಅದು ಆಗ್ತದ್ರಿ. ಸರ್, ಒಂದು ಮಾತು. ಹುಡುಗ ತಡಾ ಮಾಡಿ ಬಂದಾಗ "ಇಷ್ಟು ದಿನಾ ಎಲ್ಲಿ ಹೋಗಿದ್ದಿ" ಅಂತ ಎಲ್ಲಾರ ಮುಂದ ಕೇಳಬ್ಯಾಡ್ರಿ. ಅದೊಂದು ಮಾತಿಗೇ ಹೊಳ್ಳಿ ಮನಿಗಿ ಹೋದವರು ಅದಾರ. ನಾನು ಈ ಸಲ ಎಸ್‌ಡಿಎಂಸಿ ಸಭಾದಾಗ ಬಸ್ಸಿನ ಮನವಿ ಬರಿಸ್ತೀನಿ, ಗುಳೆ ಹೋದ ಮನಿಗಳಿಗೆ ಫೋನ್ ಹಚ್ಚೋ ಕೆಲಸಾನೂ ನಾವೇ ಮಾಡ್ತೀವಿ. ಯಾರ್‍ಯಾರ ಹೆಸರು ಎಂಟನೆತ್ತಿ ಪಟ್ಟಿದಾಗ ಅದಾವ, ಯಾರು ಬಂದಿಲ್ಲ ಅನ್ನೋದನ್ನ ಸಾಲಿಯವರು ಮೊದಲನೇ ಸೋಮವಾರ ನಮಗ ಕೊಡಬೇಕು.

ಪ್ರಾಥಮಿಕ ಶಾಲೆ ಟೀಚರ್, ತುಮಕೂರು

ಆ ಪಟ್ಟಿ ನಮಗೂ ಕೊಡಿಸಿ. ಏಳು ವರ್ಷ ನಮ್ಮ ಹತ್ತಿರ ಓದಿದ ಮಕ್ಕಳು. ಮನೆ ಯಾವುದು, ಯಾರ ನಂಬರಿಗೆ ಮಾಡಿದರೆ ಎತ್ತುತ್ತಾರೆ, ಚಿಕ್ಕಪ್ಪನ ಮನೆಯಲ್ಲಿ ಇದಾರಾ ಅನ್ನೋದು ಹೈಸ್ಕೂಲಿನವರಿಗಿಂತ ನಮಗೇ ಗೊತ್ತು.