ಅತ್ತೆಯ ಕಾಲಿನ ಹುಣ್ಣನ್ನು ಮೂರನೇ ಸಲ ಕೆರೆಸುವ ಮೊದಲು

ಅಕ್ಕ, ಮೂರೂ ಫೋಟೋ ದೊಡ್ಡದು ಮಾಡಿ ನೋಡಿದೆ. ಸ್ವಲ್ಪ ಉದ್ದ ಆಗ್ತದೆ, ಆದರೂ ಗ್ರೂಪಿನಲ್ಲೇ ಹೇಳ್ತೇನೆ. ಗಂಟುವಾತ ಇರುವವರು ನಮ್ಮಲ್ಲಿ ಇನ್ನೂ ಇದ್ದಾರೆ, ಅವರೂ ಕೇಳಲಿ. ನೀವು ಹೇಳಿದ್ದು ಇಷ್ಟು: ಅತ್ತೆಗೆ ಬಹಳ ವರ್ಷದಿಂದ ರುಮಟಾಯ್ಡ್ ಅನ್ನುವ ಗಂಟುವಾತ ಉಂಟು. ಮಳೆ ಶುರುವಾದಾಗ ತೋಟದಲ್ಲಿ ಕಾಫಿ ಬುಡ ತಾಗಿ ಮೊಣಕಾಲಿನ ಕೆಳಗೆ ತರಚಿತು. ಅದು ಕೀವುಗುಳ್ಳೆ ಆಗಿ ಒಡೆದು ಹುಣ್ಣಾಯಿತು. ಎರಡು ಸಲ ಆಪರೇಷನ್ ಥಿಯೇಟರಿಗೆ ಒಯ್ದು ಕೆರೆದು ಕ್ಲೀನ್ ಮಾಡಿದರು, ಎರಡು ಸಲವೂ ಹುಣ್ಣು ಇನ್ನಷ್ಟು ಅಗಲ ಆಯಿತು. ಈಗ ಸೋಮವಾರ ಮತ್ತೆ ಬನ್ನಿ ಅಂದಿದ್ದಾರೆ, ಹೋಗ್ಬೇಕಾ ಅಂತ ಕೇಳಿದ್ರಿ.

ಚರ್ಮದ ಡಾಕ್ಟರು ನೋಡುವ ತನಕ ಮೂರನೇ ಸಲ ಕೆರೆಸ್ಬೇಡಿ. ಇದಕ್ಕೆ ಒಂದೇ ಒಂದು ವಿನಾಯಿತಿ: ಚಳಿಜ್ವರ ಬಂದು, ಗಂಟೆ ಗಂಟೆಗೆ ಕೆಂಪು ಮೇಲೆ ಹತ್ತಿ, ಚರ್ಮ ಕಪ್ಪಾಗಿ, ಅತ್ತೆ ಮಂಕಾದರೆ ಅದು ಬೇರೆಯೇ ಸೋಂಕು. ಆಗ ರಾತ್ರಿಯೇ ಆಸ್ಪತ್ರೆಗೆ ಹೋಗ್ಬೇಕು, ಅಲ್ಲಿ ಆಪರೇಷನ್ನೇ ಜೀವ ಉಳಿಸುವುದು. ಅತ್ತೆಗೆ ಅಂಥದ್ದೇನೂ ಇಲ್ಲ ಅಂದಿದ್ದೀರಿ.

ಫೋಟೋ ನೋಡಿ ಖಚಿತ ಹೇಳುವ ಕಾಯಿಲೆ ಅಲ್ಲ ಇದು. ಆದರೆ ನೀವು ಹೇಳಿದ ಕ್ರಮ ಪಯೋಡರ್ಮಾ ಗ್ಯಾಂಗ್ರಿನೋಸಮ್ ಅನ್ನುವ ಹುಣ್ಣಿಗೆ ತುಂಬ ಹೊಂದ್ತದೆ. ಹೆಸರು ಕೇಳಿ ಗಾಬರಿ ಆಗ್ಬೇಡಿ, ಇದು ಗ್ಯಾಂಗ್ರೀನ್ ಅಲ್ಲ, ಮನೆಯವರಿಗೆ ಅಂಟುವುದೂ ಇಲ್ಲ. 1930ರಲ್ಲಿ ಇದಕ್ಕೆ ಈ ಹೆಸರಿಟ್ಟ ಅಮೆರಿಕದ ಡಾಕ್ಟರುಗಳು ಸೋಂಕು ಅಂದುಕೊಂಡಿದ್ದರು. ನಿಜದಲ್ಲಿ, ರೋಗಾಣು ಕೊಲ್ಲಬೇಕಾದ ನ್ಯೂಟ್ರೋಫಿಲ್ ಅನ್ನುವ ಬಿಳಿರಕ್ತಕಣಗಳು ದಾರಿ ತಪ್ಪಿ ಚರ್ಮಕ್ಕೆ ನುಗ್ಗಿ ನಮ್ಮ ಚರ್ಮವನ್ನೇ ಕರಗಿಸ್ತವೆ. ಇದು ಬಂದವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಒಳಗೆ ಬೇರೊಂದು ಕಾಯಿಲೆ ಇರ್ತದೆ: ಕರುಳಿನ ಉರಿಯೂತ, ರುಮಟಾಯ್ಡ್, ಇಲ್ಲವಾದರೆ ರಕ್ತದ ಕಾಯಿಲೆ. ಗಂಟುನೋವು ತಣ್ಣಗಿರುವಾಗಲೂ ಹುಣ್ಣು ಏಳಬಹುದು, ಹಾಗಾಗಿ "ಈಗ ಗಂಟು ಚೆನ್ನಾಗಿದೆಯಲ್ಲ" ಅಂತ ಸಂಬಂಧ ಇಲ್ಲ ಅಂದ್ಕೊಳ್ಬೇಡಿ. ಈ ಹುಣ್ಣು ಇರುವ ಹಲವರಲ್ಲಿ ಕಾಣುವ ಒಂದು ಗುಣಕ್ಕೆ ಪೆಥರ್ಜಿ ಅಂತಾರೆ. ಚರ್ಮಕ್ಕೆ ಪೆಟ್ಟಾದಲ್ಲೆಲ್ಲ ಆ ಕಣಗಳು ಮತ್ತೆ ನುಗ್ಗುವುದು ಅದು. ತರಚಿದ್ದು ಒಂದು ಪೆಟ್ಟಾದರೆ ಬ್ಲೇಡಿನಲ್ಲಿ ಕೆರೆದದ್ದು ಅದಕ್ಕಿಂತ ದೊಡ್ಡ ಪೆಟ್ಟು. ಜಿಗಣೆ ಕಚ್ಚಿದ ಜಾಗ ಉಗುರಲ್ಲಿ ಕೆರೆದರೂ ಸಾಕು.

ನಿಮ್ಮ ಎರಡನೇ ಫೋಟೋದಲ್ಲಿ ಅಂಚು ನೋಡಿ. ಸುತ್ತಲೂ ನೇರಳೆ ಬಣ್ಣ, ಶಾಯಿ ಒರೆಸಿದ ಹಾಗೆ. ಅಂಚಿನ ಚರ್ಮ ಹುಣ್ಣಿನ ಮೇಲೆ ಚಾಚಿಕೊಂಡಿದೆ, ಅದರ ಅಡಿ ಟೊಳ್ಳು. ಜೊತೆಗೆ ಹುಣ್ಣಿನ ಗಾತ್ರಕ್ಕೆ ಮೀರಿದ ನೋವು, ಆಂಟಿಬಯೋಟಿಕ್ ಕೋರ್ಸ್ ಮುಗಿದರೂ ಕದಲದೇ ಇರುವುದು. ಈ ನಾಲ್ಕನ್ನೂ ಡಾಕ್ಟರಿಗೆ ಇದೇ ಮಾತಲ್ಲಿ ಹೇಳಿ. ಸ್ವಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯಿತು ಅಂತ ರಿಪೋರ್ಟ್ ಇದ್ದರೆ ಅದೊಂದರಿಂದಲೇ ಸೋಂಕು ಅಂತ ತೀರ್ಮಾನ ಆಗುವುದಿಲ್ಲ, ತೆರೆದ ಹುಣ್ಣಿನ ಮೇಲೆ ಅವು ಇದ್ದೇ ಇರ್ತವೆ.

ಮಡಿಕೇರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ತೋರಿಸಿ. ಅವರು ಮೈಸೂರಿಗೋ ಮಂಗಳೂರಿಗೋ ಬರೆದುಕೊಟ್ಟರೆ ತಡ ಮಾಡ್ಬೇಡಿ. ಬಯಾಪ್ಸಿ ಕೇಳ್ತಾರೆ. "ಕೆರೆಯಬಾರದು ಅಂದವರು ಈಗ ಚೂರು ತೆಗೀತಾರಲ್ಲ" ಅಂತ ಅನಿಸಬಹುದು, ಆದರೆ ಇದು ಬೇಕೇ ಬೇಕು. ಕ್ಷಯ, ಫಂಗಸ್, ರಕ್ತನಾಳದ ಉರಿಯೂತ, ಕ್ಯಾನ್ಸರ್ ಇವೆಲ್ಲ ಅಲ್ಲ ಅಂತ ಗೊತ್ತಾಗದೆ ಮದ್ದು ಶುರುಮಾಡಿದರೆ ಅನಾಹುತ. ಚೂರನ್ನು ಹುಣ್ಣಿನ ನಡುವಿನಿಂದ ಅಲ್ಲ, ಅಂಚಿನಿಂದ ಆಳವಾಗಿ ತೆಗೀಬೇಕು. ಒಂದು ಭಾಗ ಫಾರ್ಮಲಿನ್ ಬಾಟಲಿಗೆ, ಇನ್ನೊಂದು ಸಲೈನ್ ಇರುವ ಬಾಟಲಿಗೆ. ಎರಡನ್ನೂ ಫಾರ್ಮಲಿನ್‌ಗೆ ಹಾಕಿದರೆ ಕ್ರಿಮಿ ಸತ್ತು ಕಲ್ಚರ್, ಅಂದರೆ ಲ್ಯಾಬಲ್ಲಿ ಅದನ್ನು ಬೆಳೆಸಿ ನೋಡುವುದು, ಮಾಡಲಿಕ್ಕೆ ಬರುವುದಿಲ್ಲ. ಲ್ಯಾಬಿಗೆ ಒಯ್ಯುವುದು ಹೆಚ್ಚಾಗಿ ಮನೆಯವರೇ, ಹಾಗಾಗಿ ಕೈಗೆ ಎರಡು ಬಾಟಲಿ ಬಂತಾ ನೋಡಿ.

ರುಮಟಾಯ್ಡ್ ಇದ್ದವರ ಕಾಲಿನ ಹುಣ್ಣೆಲ್ಲ ಇದೇ ಅಲ್ಲ, ಅದನ್ನೂ ಹೇಳ್ಬೇಕು. ಪಾದದ ಕೀಲಿನ ಒಳಬದಿಯಲ್ಲಿ, ಕಾಲು ಊದಿ, ಸುತ್ತ ಕಂದು ಬಣ್ಣ ಇದ್ದರೆ ಅದು ಅಶುದ್ಧರಕ್ತದ ನಾಳದ ಹುಣ್ಣು ಇರಬಹುದು. ಪಾದ ತಣ್ಣಗಿದ್ದರೆ ರಕ್ತ ಸರಿಯಾಗಿ ಬರ್ತಾ ಇಲ್ಲದೇ ಇರಬಹುದು. ಪಂಚ್ ಹೊಡೆದ ಹಾಗೆ ಗುಂಡಗೆ ಆಳದ ಹುಣ್ಣು, ಉಗುರಿನ ಅಂಚಲ್ಲಿ ಕಪ್ಪು ಚುಕ್ಕೆ, ಪಾದ ಜೋಮು ಹಿಡಿದು ಎತ್ತಲಿಕ್ಕೆ ಆಗದೇ ಇರುವುದು, ಇದು ರುಮಟಾಯ್ಡ್ ವ್ಯಾಸ್ಕುಲೈಟಿಸ್, ಅಂದರೆ ರಕ್ತನಾಳದ ಉರಿಯೂತ ಇರಬಹುದು, ತುರ್ತಿನದು. ನಾಳದ ಹುಣ್ಣು ಅಂತ ಬಿಗಿ ಬ್ಯಾಂಡೇಜ್ ಕಟ್ಟುವ ಮೊದಲು ಕಾಲಿನ ರಕ್ತದೊತ್ತಡ ಅಳೆದು ನೋಡ್ಲೇಬೇಕು. ಮತ್ತೆ ಗಂಟುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ ತಗೊಳ್ತಾರಾ ಅಂತ ಸ್ಟ್ರಿಪ್ ಎಣಿಸಿ ನೋಡಿ. ತಪ್ಪಿ ದಿನಾ ನುಂಗಿದರೆ ಬಾಯಿ, ಚರ್ಮ ಎಲ್ಲ ಹುಣ್ಣಾಗಿ ರಕ್ತಕಣ ಇಳಿದು ಜೀವಕ್ಕೇ ಅಪಾಯ.

ಅಲ್ಲಿಯ ತನಕ ಮನೆಯಲ್ಲಿ ಹೀಗೆ ಮಾಡಿ. ಡ್ರೆಸ್ಸಿಂಗ್‌ಗೆ ಅರ್ಧ ಗಂಟೆ ಮೊದಲು ಡಾಕ್ಟರು ಹೇಳಿದ ನೋವಿನ ಮಾತ್ರೆ ಕೊಡಿ. ಮೆಡಿಕಲ್‌ನಲ್ಲಿ ಸಿಗುವ ನಾರ್ಮಲ್ ಸಲೈನ್ ಬಾಟಲಿಯನ್ನು ಬಿಸಿನೀರಲ್ಲಿ ಇಟ್ಟು ಉಗುರುಬೆಚ್ಚಗೆ ಮಾಡಿ ಮೇಲಿಂದ ಸುರಿಯಿರಿ. ಹತ್ತಿಯಲ್ಲಿ ತಿಕ್ಕಬೇಡಿ. ಹಳೇ ಬಟ್ಟೆ ಅಂಟಿದ್ದರೆ ಸಲೈನಲ್ಲಿ ಹತ್ತು ನಿಮಿಷ ನೆನೆಸಿ, ತಾನಾಗಿ ಬಿಡಲಿ, ಎಳೆದರೆ ಅದೂ ಒಂದು ಪೆಟ್ಟೇ. ಮೇಲೆ ಪ್ಯಾರಾಫಿನ್ ಗಾಜ್ (ಹುಣ್ಣಿಗೆ ಅಂಟದ ಜಿಡ್ಡಿನ ಜಾಳುಬಟ್ಟೆ), ಅದರ ಮೇಲೆ ದಪ್ಪ ಪ್ಯಾಡ್, ನಂತರ ಸಡಿಲವಾಗಿ ಬಟ್ಟೆ ಸುತ್ತಿ. ಪ್ಲಾಸ್ಟರ್ ಚರ್ಮಕ್ಕೆ ಹಚ್ಚಬೇಡಿ, ಬಟ್ಟೆಗೇ ಹಚ್ಚಿ. ಈ ಮಳೆಗೆ ಪ್ಯಾಡ್ ಒದ್ದೆ ಆದ ಕೂಡಲೇ ಬದಲಿಸಿ, ಒಲೆ ಮೇಲೆ ಒಣಗಿಸಿದ ಬಟ್ಟೆ ಬೇಡ, ಮಸಿ ಇರ್ತದೆ. ಹೈಡ್ರೋಜನ್ ಪೆರಾಕ್ಸೈಡ್, ಸುಣ್ಣ, ಅರಿಶಿನ, ಬೇವಿನೆಣ್ಣೆ ಯಾವುದೂ ಬೇಡ. ಚಿಕ್ಕಮ್ಮ, ನೀವು ಹೇಳಿದ ಜೇನೂ ಈ ಹುಣ್ಣಿಗೆ ಬೇಡ. ನಮ್ಮ ಜೇನು ಒಳ್ಳೇದೇ, ಆದರೆ ಒಳಗಿನ ಉರಿಯನ್ನು ಅದು ಆರಿಸುವುದಿಲ್ಲ, ಹಚ್ಚಿದರೆ ಉರಿ ಬೇರೆ. ವಾರಕ್ಕೊಮ್ಮೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೀರಿ.

ಪಯೋಡರ್ಮಾ ಅಂತ ಖಚಿತವಾದರೆ ಚಿಕ್ಕ ಹುಣ್ಣಿಗೆ ಅಂಚಿಗೆ ಹಚ್ಚುವ ಕ್ಲೋಬೆಟಸಾಲ್ ಅಥವಾ ಟ್ಯಾಕ್ರೋಲಿಮಸ್ ಸಾಕಾಗಬಹುದು. ಅತ್ತೆಯದು ಅಂಗೈ ಅಗಲ, ಮಾತ್ರೆ ಬೇಕಾಗ್ತದೆ. ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ದಿನಕ್ಕೆ ಮೈತೂಕದ ಕೆಜಿಗೆ 0.5ರಿಂದ 1 ಮಿಲಿಗ್ರಾಂ, ಇಲ್ಲವೇ ರೋಗನಿರೋಧಕ ಶಕ್ತಿ ತಗ್ಗಿಸುವ ಸೈಕ್ಲೋಸ್ಪೊರಿನ್. 2015ರಲ್ಲಿ ಬ್ರಿಟನ್ನಿನಲ್ಲಿ ಎರಡನ್ನೂ ಹೋಲಿಸಿ ಪ್ರಕಟವಾದ ಅಧ್ಯಯನದಲ್ಲಿ ಎರಡೂ ಸಮ ಬಂತು, ಆರು ತಿಂಗಳಿಗೆ ಎರಡೂ ಕಡೆ ವಾಸಿಯಾದವರು ಅರ್ಧದಷ್ಟೇ. ಹಾಗಾಗಿ ತಿಂಗಳುಗಟ್ಟಲೆ ತಾಳ್ಮೆ ಬೇಕು. ಇವಕ್ಕೆ ಬಗ್ಗದಿದ್ದರೆ ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್ ಇಂಜೆಕ್ಷನ್ ಉಂಟು, ಅವು ಗಂಟಿಗೂ ಕೆಲಸ ಮಾಡ್ತವೆ. ಶುರು ಮಾಡುವ ಮೊದಲು ಎದೆ ಎಕ್ಸ್‌ರೇ, ಕ್ಷಯದ ಪರೀಕ್ಷೆ, ಹೆಪಟೈಟಿಸ್ ಬಿ ಮತ್ತು ಸಿ, ಸಕ್ಕರೆ, ಬಿಪಿ, ಕಿಡ್ನಿಯ ಕ್ರಿಯಾಟಿನಿನ್ ನೋಡಿಸಿ. ಗದ್ದೆ ತೋಟದಲ್ಲಿ ಬರಿಗಾಲಲ್ಲಿ ನಡೆದವರು ಹೊಟ್ಟೆಹುಳದ ಮದ್ದಿನ ಬಗ್ಗೆಯೂ ಕೇಳಿ, ಸ್ಟ್ರಾಂಜಿಲಾಯ್ಡಿಸ್ ಅನ್ನುವ ಹುಳ ಸ್ಟೀರಾಯ್ಡ್ ಬಿದ್ದರೆ ಮೈಯೆಲ್ಲ ಹರಡಬಹುದು. ಸ್ಟೀರಾಯ್ಡ್ ಬೆಳಿಗ್ಗೆ ತಿಂಡಿ ಆದಮೇಲೆ, ಮತ್ತೆ ಯಾರೋ ಹೇಳಿದರು ಅಂತ ಒಮ್ಮೆಲೇ ನಿಲ್ಲಿಸುವ ಹಾಗಿಲ್ಲ.

ಮದ್ದು ಹಿಡಿದರೆ ಮೊದಲು ಕಡಿಮೆ ಆಗುವುದು ನೋವು, ಆಮೇಲೆ ನೇರಳೆ ಬಣ್ಣ ಮಾಸ್ತದೆ, ಅಂಚು ಚಪ್ಪಟೆಯಾಗಿ ಒಳಗೆ ಎಳೆ ಎಳೆಯಾಗಿ ಹೊಸ ಚರ್ಮ ಬರ್ತದೆ. ಕಲೆ ತೆಳ್ಳಗೆ, ಜರಡಿಯ ಹಾಗೆ ಉಳೀತದೆ.

ಅತ್ತೆಯ ಫೈಲಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆಸಿ: ರುಮಟಾಯ್ಡ್ ಇದೆ, ಕೆರೆದರೆ ಹುಣ್ಣು ದೊಡ್ಡದಾಗುತ್ತದೆ, ಪಯೋಡರ್ಮಾ ಸಂಶಯ. ಡ್ರಿಪ್ ಹಾಕಿದ ಜಾಗದಲ್ಲೂ ಹೊಸ ಹುಣ್ಣು ಏಳಬಹುದು, ನರ್ಸ್‌ಗೂ ಹೇಳಿ. ಮುಂದಿನ ವರ್ಷ ಮಂಡಿ ಬದಲಿಸುವ ಮಾತು ಆಡ್ತಿದ್ರಲ್ಲ, ಆ ಸರ್ಜನ್‌ಗೆ ಇದನ್ನು ಮೊದಲೇ ತೋರಿಸಿ. ಹುಣ್ಣು ಪೂರ್ತಿ ಮಾಗುವ ತನಕ ತಾರೀಕು ತಗೊಳ್ಬೇಡಿ. ಹಳೇ ರಿಪೋರ್ಟ್, ಮಾತ್ರೆ ಚೀಟಿ ಎಲ್ಲದರ ಫೋಟೋ ಇವತ್ತು ರಾತ್ರಿ ಕಳಿಸಿ ಅಕ್ಕ, ಡಾಕ್ಟರಿಗೆ ತೋರಿಸಲಿಕ್ಕೆ ಒಂದು ಪುಟದಲ್ಲಿ ಬರೆದುಕೊಡ್ತೇನೆ.