ಮಳೆಯಲ್ಲಿ ಎಪಾಕ್ಸಿ ಜಿಡ್ಡಾಗಿದೆ, ದೋಣಿ ಉಳಿಸಿಕೊಳ್ಳೋದು ಹೇಗೆ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಯಲಹಂಕದ ನಮ್ಮ ಮನೆ ತಾರಸಿಯಲ್ಲಿ, ಶೀಟ್ ಕೆಳಗೆ, ಎಂಟಡಿ ದೋಣಿ ಕಟ್ಟುತ್ತಿದ್ದೇನೆ. ನಕ್ಷೆ ಪ್ರಕಾರ 6 ಮಿ.ಮೀ. ಪ್ಲೈವುಡ್ ಕೊಯ್ದು, ಅಂಚುಗಳನ್ನು ತಾಮ್ರದ ತಂತಿಯಲ್ಲಿ ಹೊಲಿದು, ಒಳಮೂಲೆಗಳಿಗೆ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಜೊತೆ ಮರದ ಪುಡಿ ಕಲಸಿ ಮೆತ್ತಿದ್ದೇನೆ. ರಾತ್ರಿಯೆಲ್ಲಾ ಜಡಿಮಳೆ. ಬೆಳಗ್ಗೆ ಮುಟ್ಟಿದರೆ ಮೇಲೆಲ್ಲಾ ಜಿಡ್ಡು. ಪೂರ್ತಿ ಕೆತ್ತಿ ತೆಗೆಯಬೇಕಾ? ಇನ್ನೊಂದು ಸೆಟ್ ಎಪಾಕ್ಸಿ ತರುವಷ್ಟು ದುಡ್ಡಿಲ್ಲ.

ಉತ್ತರ: ದಯವಿಟ್ಟು ಈಗಲೇ ಕೆತ್ತಬೇಡಿ. ಮೊದಲು ಉಗುರಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದು ಮೇಲೆ ಮಾತ್ರ ಮೇಣ ಸವರಿದಂತಿದ್ದರೆ ದೋಣಿಗೆ ಏನೂ ಆಗಿಲ್ಲ. ಎಪಾಕ್ಸಿ ಗಟ್ಟಿಯಾಗಲು ಬೆರೆಸುವ ಹಾರ್ಡನರ್‌ನಲ್ಲಿರುವ ಅಮೈನ್ ಎಂಬ ರಾಸಾಯನಿಕ, ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಈ ಪದರ ಕಟ್ಟುತ್ತದೆ. ಮಳೆಗಾಲದಲ್ಲಿ ಇದು ಮಾಮೂಲು. ಇದು ನೀರಲ್ಲಿ ಕರಗುತ್ತದೆ. ಹಾಗಾಗಿ ಬೆಚ್ಚಗಿನ ನೀರು ಹಾಕಿ, ಪಾತ್ರೆ ಉಜ್ಜುವ ಹಸಿರು ನಾರಿನಿಂದ ತಿಕ್ಕಿ. ಬಟ್ಟೆಯಲ್ಲಿ ಒರೆಸಿ, ನೀರು ಬದಲಾಯಿಸಿ ಮತ್ತೆ ತೊಳೆಯಿರಿ. ಚೆನ್ನಾಗಿ ಒಣಗಿದ ಮೇಲೆ 80ರ ಮರಳು ಕಾಗದ ಹಿಡಿಯಿರಿ. ತೊಳೆಯದೆ ಉಜ್ಜಿದರೆ ಕಾಗದ ಕಟ್ಟಿಕೊಳ್ಳುತ್ತದೆ, ಜಿಡ್ಡೂ ಗೀರುಗಳೊಳಗೆ ಸೇರುತ್ತದೆ. ಆಮೇಲೆ ಮುಂದಿನ ಕೋಟ್ ಹಿಡಿಯೋದಿಲ್ಲ. ಥಿನ್ನರ್ ಬೇಡ, ಅದು ಜಿಡ್ಡನ್ನು ಸುಮ್ನೆ ಹರಡುತ್ತದೆ ಅಷ್ಟೇ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್, ತೊಳೆದ ಮೇಲೆ ಹೋಯಿತು! ಆದರೆ ಹಿಂಬದಿಯ ಹಲಗೆ ಹತ್ತಿರ ಗೇಣುದ್ದ ಜಾಗದಲ್ಲಿ ಉಗುರು ಇಳಿಯುತ್ತಿದೆ. ಮೇಲೆ ಸ್ವಲ್ಪ ಹಾರ್ಡನರ್ ಸವರಲಾ?

ಉತ್ತರ: ಬೇಡವೇ ಬೇಡ. ಎಪಾಕ್ಸಿಯಲ್ಲಿ ಹಾರ್ಡನರ್ ಜಾಸ್ತಿಯಾದರೆ ಬೇಗ ಗಟ್ಟಿಯಾಗೋದಿಲ್ಲ, ಮೆತ್ತಗೇ ಉಳಿಯುತ್ತದೆ. ಫೈಬರ್ ಅಂಗಡಿಯವರು ಪಾಲಿಯೆಸ್ಟರ್ ರೆಸಿನ್‌ಗೆ (ಅದು ಬೇರೆ ಬಗೆಯ ಅಂಟು) ಹಾಕುವ ಕ್ಯಾಟಲಿಸ್ಟ್ ಲೆಕ್ಕವೇ ಬೇರೆ. ಈ ಚಳಿಗೆ ಎಪಾಕ್ಸಿ ನಿಧಾನ, ಇನ್ನೆರಡು ದಿನ ಬಿಟ್ಟು ನೋಡಿ. ಆಗಲೂ ಮೆತ್ತಗಿದ್ದರೆ ಅಲ್ಲಿ ಮಿಶ್ರಣ ಸರಿಯಾಗಿ ಬೆರೆತಿಲ್ಲ ಅಂತ ಅರ್ಥ. ಅಷ್ಟನ್ನು ಮಾತ್ರ ಮರ ಕಾಣುವವರೆಗೂ ಕೆತ್ತಿ ಹೊಸದು ಮೆತ್ತಿ. ಕಲಸುವ ಕಪ್ಪಿನ ತಳ, ಅಂಚು ಎಲ್ಲಾ ಕೆರೆದು ಕಲಸಿ. ಅಳತೆಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಆದರೆ ಡಬ್ಬಿ ಮೇಲಿನ ಪ್ರಮಾಣ ತೂಕದ್ದೋ ಗಾತ್ರದ್ದೋ ಓದಿಕೊಳ್ಳಿ.

ಇನ್ನೊಬ್ಬರ ಉತ್ತರ: ಪ್ಲೈ ಮೇಲೆ ಐಎಸ್ 710 (ನೀರಿಗೆ ತಡೆಯುವ ಮರೈನ್ ಪ್ಲೈವುಡ್‌ನ ಭಾರತೀಯ ಮಾನದಂಡ) ಮುದ್ರೆ ಇದೆಯಾ ನೋಡಿ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಲ್ಲಿ ಕೇಳಿದರೆ ಮರೈನ್ ಪ್ಲೈ ಸಿಗುತ್ತದೆ. ಅನುಮಾನ ಇದ್ದರೆ ಉಳಿದ ತುಂಡೊಂದನ್ನು ಕೆಲವು ಗಂಟೆ ನೀರಲ್ಲಿ ಕುದಿಸಿ. ಪದರ ಬಿಟ್ಟರೆ ಆ ಹಲಗೆಗೆ ಇನ್ನು ಎಪಾಕ್ಸಿ ಸುರಿಯಬೇಡಿ. ಉಳಿತಾಯ ಬಣ್ಣದಲ್ಲಿ, ಸೀಟಿನ ಮರದಲ್ಲಿ ಮಾಡಿ. ಪ್ಲೈ, ಅಂಟು ಎರಡರಲ್ಲಿ ಖಂಡಿತ ಬೇಡ.