ಪ್ರಶ್ನೋತ್ತರ: ಆರ್ಚ್ ಅಪ್‌ಡೇಟ್ ಆದಮೇಲೆ ಎಯುಆರ್ ಪ್ಯಾಕೇಜ್ ಓಪನ್ ಆಗುತ್ತಿಲ್ಲ

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಆರ್ಚ್ ಲಿನಕ್ಸ್ ಬಳಸುತ್ತಿದ್ದೇನೆ. ಎಯುಆರ್‌ನಿಂದ (ಬಳಕೆದಾರರೇ ಬಿಲ್ಡ್ ವಿಧಾನ ಹಂಚಿಕೊಳ್ಳುವ ಆರ್ಚ್‌ನ ಸಂಗ್ರಹ) ಹತ್ತಿಪ್ಪತ್ತು ಪ್ಯಾಕೇಜ್ ನಾನೇ ಬಿಲ್ಡ್ ಮಾಡಿ ಹಾಕಿಕೊಂಡಿದ್ದೇನೆ. ಸಿಸ್ಟಮ್ ಪೂರ್ತಿ ಅಪ್‌ಡೇಟ್ ಮಾಡಿದ ಮೇಲೆ ಅದರಲ್ಲಿ ಒಂದು ಎಡಿಟರ್ ತೆರೆಯುತ್ತಿಲ್ಲ. ಟರ್ಮಿನಲ್‌ನಿಂದ ಓಡಿಸಿದರೆ ‘ಲಿಬ್‌ಐಸಿಯುಯುಸಿ.ಎಸ್‌ಒ.75’ ಎಂಬ ಲೈಬ್ರರಿ ಫೈಲ್ ಸಿಗುತ್ತಿಲ್ಲ ಅನ್ನುತ್ತದೆ. ಈಗ ಸಿಸ್ಟಮ್‌ನಲ್ಲಿರುವುದು 76. ಎಯುಆರ್ ಪ್ಯಾಕೇಜ್ ಹಾಕಿಕೊಡುವ ‘ಯೇ’ ಓಡಿಸಿದರೆ ಅಪ್‌ಡೇಟ್ ಏನೂ ಇಲ್ಲ ಅನ್ನುತ್ತದೆ. 75ರ ಹೆಸರಲ್ಲಿ 76ಕ್ಕೆ ಸಿಮ್‌ಲಿಂಕ್ (ಬೇರೆ ಫೈಲ್‌ಗೆ ಕೈತೋರಿಸುವ ಹೆಸರು) ಕೊಟ್ಟರೆ ನಡೆಯುತ್ತಾ?

ಉತ್ತರ: ಸಿಮ್‌ಲಿಂಕ್ ಬೇಡವೇ ಬೇಡ. ಆ ಫೈಲ್ ಐಸಿಯು ಲೈಬ್ರರಿಯದು. ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರ) ಕೆಲಸ ನೋಡಿಕೊಳ್ಳುವ ಈ ಐಸಿಯು ತನ್ನ ಫಂಕ್ಷನ್ ಹೆಸರುಗಳ ತುದಿಗೇ ಆವೃತ್ತಿಯ ಸಂಖ್ಯೆ ಸೇರಿಸಿಕೊಂಡಿರುತ್ತದೆ. ನಿಮ್ಮ ಎಡಿಟರ್ ಕೇಳುವುದು ‘ಯು_ಸ್ಟ್ರ್‌ಲೆನ್_75’, ಹೊಸ ಲೈಬ್ರರಿಯಲ್ಲಿರುವುದು ‘ಯು_ಸ್ಟ್ರ್‌ಲೆನ್_76’. ಫೈಲ್ ಸಿಕ್ಕರೂ ‘ಅನ್‌ಡಿಫೈನ್ಡ್ ಸಿಂಬಲ್’ ಎಂದು ನಿಂತುಬಿಡುತ್ತದೆ. ಹಾಗೆ ನಿಂತರೆ ಪುಣ್ಯ. ಬೇರೆ ಕೆಲವು ಲೈಬ್ರರಿಗಳಲ್ಲಿ ಪ್ರೋಗ್ರಾಂ ತೆರೆದುಕೊಳ್ಳುತ್ತದೆ, ಆದರೆ ಒಳಗಿನ ಸ್ಟ್ರಕ್ಚರ್‌ಗಳ ಅಳತೆ ಬದಲಾಗಿರುವುದರಿಂದ ಮೆಮೊರಿ ಕಲಸಿಹೋಗಿ ನಿಮ್ಮ ಫೈಲನ್ನೇ ಕೆಡಿಸಬಹುದು.

ಯೇ ನೋಡುವುದು ಎಯುಆರ್‌ನಲ್ಲಿರುವ ಆವೃತ್ತಿಯನ್ನು ಮಾತ್ರ. ಎಡಿಟರ್‌ನ ಸೋರ್ಸ್ ಬದಲಾಗಿಲ್ಲ, ಆದ್ದರಿಂದ ಅದರ ಲೆಕ್ಕದಲ್ಲಿ ಎಲ್ಲ ಸರಿಯಾಗಿದೆ. ಆರ್ಚ್‌ನ ಅಧಿಕೃತ ರೆಪೊದಲ್ಲಾದರೆ (ಪ್ಯಾಕೇಜ್ ಸಂಗ್ರಹ) ಐಸಿಯು ಬದಲಾದಾಗ ಅದನ್ನು ನಂಬಿದ ಪ್ಯಾಕೇಜ್‌ಗಳನ್ನೆಲ್ಲ ಮೇಂಟೇನರ್‌ಗಳೇ ರೀಬಿಲ್ಡ್ ಮಾಡಿ, ‘ಪಿಕೆಜಿರೆಲ್’ (ಅದೇ ಆವೃತ್ತಿಯ ಎಷ್ಟನೇ ಬಿಲ್ಡ್ ಎಂಬ ಸಂಖ್ಯೆ) ಏರಿಸಿ ಬಿಡುತ್ತಾರೆ. ನೀವು ಬಿಲ್ಡ್ ಮಾಡಿದ್ದಕ್ಕೆ ಮೇಂಟೇನರ್ ನೀವೇ.

‘ರೀಬಿಲ್ಡ್-ಡಿಟೆಕ್ಟರ್’ ಪ್ಯಾಕೇಜ್ ಹಾಕಿಕೊಂಡು ‘ಚೆಕ್‌ರೀಬಿಲ್ಡ್’ ಓಡಿಸಿ. ಕೊಂಡಿ ತಪ್ಪಿದ ಪ್ಯಾಕೇಜ್‌ಗಳನ್ನು ‘ಫಾರಿನ್’ ಎಂಬ ಗುರುತಿನೊಂದಿಗೆ ತೋರಿಸುತ್ತದೆ. ಒಂದೇ ಪ್ರೋಗ್ರಾಂ ನೋಡಬೇಕಿದ್ದರೆ ಅದರ ಬೈನರಿಯ ಮೇಲೆ ‘ಎಲ್‌ಡಿಡಿ’ (ಬೇಕಾದ ಲೈಬ್ರರಿಗಳ ಪಟ್ಟಿ ಕೊಡುತ್ತದೆ) ಓಡಿಸಿ, ‘ನಾಟ್ ಫೌಂಡ್’ ಇರುವ ಸಾಲು ಹುಡುಕಿ.

ರೀಬಿಲ್ಡ್‌ಗೆ ಯೇನಲ್ಲಿ ‘--ರೀಬಿಲ್ಡ್’ ಕೊಟ್ಟು ಪ್ಯಾಕೇಜ್ ಹೆಸರು ಬರೆದರೆ ಸಾಕು. ಕೈಯಲ್ಲೇ ಮಾಡುವುದಾದರೆ ಆರ್ಚ್‌ನ ಬಿಲ್ಡ್ ಟೂಲ್ ‘ಮೇಕ್‌ಪಿಕೆಜಿ’ಗೆ ‘--ಸಿಂಕ್‌ಡೆಪ್ಸ್’, ‘--ಇನ್‌ಸ್ಟಾಲ್’ ಜೊತೆ ‘--ಫೋರ್ಸ್’, ‘--ಕ್ಲೀನ್‌ಬಿಲ್ಡ್’ ಎರಡೂ ಕೊಡಿ. ಮೊದಲನೆಯದು ಇಲ್ಲದಿದ್ದರೆ ‘ಈಗಾಗಲೇ ಬಿಲ್ಡ್ ಆಗಿದೆ’ ಎಂದು ಹೊಸದಾಗಿ ಬಿಲ್ಡ್ ಮಾಡದೆ ಹಳೆಯ ಪ್ಯಾಕೇಜನ್ನೇ ಮತ್ತೆ ಹಾಕುತ್ತದೆ. ಎರಡನೆಯದು ಇಲ್ಲದಿದ್ದರೆ ಹಳೆಯ ಸೋರ್ಸ್ ಫೋಲ್ಡರ್‌ನಲ್ಲಿ ಉಳಿದ ಆಬ್ಜೆಕ್ಟ್ ಫೈಲ್‌ಗಳು ಹೊಸ ಬೈನರಿಗೂ ಸೇರಿಕೊಂಡು ಅದೇ ಎರರ್ ಮತ್ತೆ ಬರಬಹುದು. ಒಂದು ಎಯುಆರ್ ಲೈಬ್ರರಿಯನ್ನು ಇನ್ನೊಂದು ಎಯುಆರ್ ಪ್ಯಾಕೇಜ್ ನಂಬಿದ್ದರೆ ಲೈಬ್ರರಿ ಮೊದಲು.

ನಿಮ್ಮದೇ ಲೋಕಲ್ ರೆಪೊ ಇಟ್ಟುಕೊಂಡು ಎರಡು ಮೂರು ಮಷಿನ್‌ಗೆ ಹಂಚುತ್ತಿದ್ದರೆ ಪಿಕೆಜಿರೆಲ್ ಅನ್ನು 1ರಿಂದ 1.1 ಮಾಡಿ. 2 ಮಾಡಬೇಡಿ. ಮುಂದೆ ಎಯುಆರ್‌ನಲ್ಲೇ 2 ಬಂದಾಗ ಎರಡೂ ಒಂದೇ ಎಂದುಕೊಂಡು ನಿಮ್ಮ ಮಷಿನ್ ಅದನ್ನು ಎತ್ತಿಕೊಳ್ಳುವುದಿಲ್ಲ.

ಇನ್ನೊಬ್ಬರ ಉತ್ತರ: ಮೇಲಿನದಕ್ಕೆ ಸ್ವಲ್ಪ ಸೇರಿಸುತ್ತೇನೆ. ಎಲ್‌ಡಿಡಿಗೆ ಎಲ್ಲವೂ ಕಾಣುವುದಿಲ್ಲ. ಪೈಥಾನ್ 3.12ರಿಂದ 3.13ಕ್ಕೆ ಹೋದಾಗ ಮಾಡ್ಯೂಲ್‌ಗಳ ಫೋಲ್ಡರೇ ಬದಲಾಗುತ್ತದೆ. ಹಳೆಯ ಮಾಡ್ಯೂಲ್‌ಗಳು ಡಿಸ್ಕ್‌ನಲ್ಲಿದ್ದರೂ ಹೊಸ ಪೈಥಾನ್ ಅತ್ತ ನೋಡುವುದಿಲ್ಲ, ‘ಮಾಡ್ಯೂಲ್‌ನಾಟ್‌ಫೌಂಡ್‌ಎರರ್’ ಬರುತ್ತದೆ. ಆರ್ಚ್‌ನ ಪ್ಯಾಕೇಜ್ ಮ್ಯಾನೇಜರ್ ಪ್ಯಾಕ್‌ಮನ್‌ನಲ್ಲಿ ‘--ಕ್ವೆರಿ --ಓನ್ಸ್’ ಕೊಟ್ಟು ಹಳೆಯ 3.12 ಫೋಲ್ಡರ್‌ನ ದಾರಿ ಬರೆಯಿರಿ, ಅಲ್ಲಿ ಉಳಿದಿರುವ ಪ್ಯಾಕೇಜ್‌ಗಳ ಪಟ್ಟಿ ಬರುತ್ತದೆ. ಅವೆಲ್ಲ ರೀಬಿಲ್ಡ್ ಆಗಬೇಕು.

ಓಡುವಾಗ ಲೋಡ್ ಆಗುವ ಪ್ಲಗಿನ್‌ಗಳು, ಕ್ಯೂಟಿಯ (ವಿಂಡೋ, ಬಟನ್ ಮಾಡುವ ಲೈಬ್ರರಿ) ಪ್ರೈವೇಟ್ ಎಪಿಐ (ಹೊರಗಿನವರಿಗಲ್ಲದ ಒಳಗಿನ ಫಂಕ್ಷನ್‌ಗಳು) ಬಳಸುವ ಥೀಮ್‌ಗಳು ಇನ್ನೊಂದು ತೊಂದರೆ. ಇಲ್ಲಿ ಫೈಲ್ ಹೆಸರು ಬದಲಾಗದೆಯೇ ಕೊಂಡಿ ಮುರಿಯುತ್ತದೆ, ಹಾಗಾಗಿ ಕ್ಯೂಟಿ ಏರಿದಾಗಲೆಲ್ಲ ಅವನ್ನು ಕೇಳದೆಯೇ ರೀಬಿಲ್ಡ್ ಮಾಡಿ. ನನಗೆ ಹೆಚ್ಚು ಚಿಂತೆ ಇರುವುದು ಗೋ, ರಸ್ಟ್ ಭಾಷೆಯ ಪ್ರೋಗ್ರಾಂಗಳ ಬಗ್ಗೆ. ಸಾಮಾನ್ಯವಾಗಿ ಅವು ತಮಗೆ ಬೇಕಾದ ಲೈಬ್ರರಿಗಳನ್ನು ಬೈನರಿಯ ಒಳಗೇ ಹೊತ್ತುಕೊಂಡಿರುತ್ತವೆ. ಏನೂ ಮುರಿಯುವುದಿಲ್ಲ, ಆದರೆ ಲೈಬ್ರರಿಯ ಭದ್ರತಾ ದೋಷ ಸರಿಯಾದರೂ ನಿಮ್ಮ ಬೈನರಿಯಲ್ಲಿ ಹಳೆಯ ದೋಷವೇ ಉಳಿದಿರುತ್ತದೆ.

ಮರುಪ್ರಶ್ನೆ: ಇಬ್ಬರಿಗೂ ಧನ್ಯವಾದ, ಎಡಿಟರ್ ಸರಿಹೋಯಿತು. ಇನ್ನೊಂದು ಪ್ಯಾಕೇಜ್ ಹೊಸ ಐಸಿಯು ಜೊತೆ ಕಂಪೈಲೇ ಆಗುತ್ತಿಲ್ಲ. ಪ್ಯಾಚ್ ಬರುವವರೆಗೆ ಐಸಿಯು ಅನ್ನು ‘ಇಗ್ನೋರ್‌ಪಿಕೆಜಿ’ಯಲ್ಲಿ (ಅಪ್‌ಡೇಟ್ ಮಾಡಬೇಡ ಎಂಬ ಪಟ್ಟಿ) ಹಾಕಿ ಹಳೆಯದನ್ನೇ ಇಟ್ಟುಕೊಳ್ಳಲಾ?

ಉತ್ತರ: ಬೇಡ. ಒಂದು ಪ್ಯಾಕೇಜ್ ಉಳಿಸಲು ಹೋಗಿ, 76ಕ್ಕೆಂದೇ ಬಿಲ್ಡ್ ಆದ ಅಧಿಕೃತ ಪ್ಯಾಕೇಜ್‌ಗಳೆಲ್ಲ ಬೀಳುತ್ತವೆ. ಪ್ಯಾಕ್‌ಮನ್‌ನ ಕ್ಯಾಶ್‌ನಲ್ಲಿ (ಡೌನ್‌ಲೋಡ್ ಆದ ಪ್ಯಾಕೇಜ್‌ಗಳ ಫೋಲ್ಡರ್) ಐಸಿಯು 75ರ ಪ್ಯಾಕೇಜ್ ಫೈಲ್ ಇನ್ನೂ ಇರಬೇಕು, ಇಲ್ಲದಿದ್ದರೆ ಆರ್ಚ್ ಲಿನಕ್ಸ್ ಆರ್ಕೈವ್‌ನಲ್ಲಿ ಸಿಗುತ್ತದೆ. ಇನ್‌ಸ್ಟಾಲ್ ಮಾಡದೆ, ಅದರೊಳಗಿನ ‘.75’ ಫೈಲ್‌ಗಳನ್ನಷ್ಟೇ ಹೋಮ್‌ನಲ್ಲಿ ಒಂದು ಫೋಲ್ಡರ್‌ಗೆ ಬಿಚ್ಚಿಕೊಳ್ಳಿ. ಆ ಪ್ರೋಗ್ರಾಂ ಓಡಿಸುವ ಸಾಲಿನಲ್ಲಿ ಮಾತ್ರ ‘ಎಲ್‌ಡಿ_ಲೈಬ್ರರಿ_ಪಾತ್’ಗೆ (ಲೈಬ್ರರಿ ಎಲ್ಲಿ ಹುಡುಕಬೇಕೆಂದು ಹೇಳುವ ವೇರಿಯಬಲ್) ಆ ಫೋಲ್ಡರ್ ಕೊಡಿ. ಪ್ರತಿ ಟರ್ಮಿನಲ್‌ಗೂ ಅನ್ವಯಿಸುವ ಬ್ಯಾಶ್‌ಆರ್‌ಸಿ ಫೈಲ್‌ಗೆ ಸೇರಿಸಬೇಡಿ. ಸಂಖ್ಯೆ ಹೆಸರಲ್ಲೇ ಇರುವುದರಿಂದ 75, 76 ಎರಡೂ ಒಟ್ಟಿಗೆ ಲೋಡ್ ಆದರೂ ಒಂದಕ್ಕೊಂದು ತಾಗುವುದಿಲ್ಲ. ಈ ಉಪಾಯ ಎಲ್ಲ ಲೈಬ್ರರಿಗೂ ನಡೆಯುವುದಿಲ್ಲ.

ಕ್ಯಾಶ್ ತೆರವು ಮಾಡುವಾಗ ‘ಪ್ಯಾಕ್‌ಕ್ಯಾಶ್’ ಬಳಸಿ. ಬೇರೆ ಏನೂ ಹೇಳದಿದ್ದರೆ ಅದು ಪ್ರತಿ ಪ್ಯಾಕೇಜ್‌ನ ಕೊನೆಯ 3 ಆವೃತ್ತಿ ಉಳಿಸುತ್ತದೆ.